ಸೆರ್ಗೆಯ್ ಪ್ರೊಕೊಫಿಯೆವ್

ಸೆರ್ಗೆಯ್ ಸೆರ್ಗೆಯೆವಿಚ್ ಪ್ರೊಕೊಫಿಯೆವ್ (ಏಪ್ರಿಲ್ 23, 1891 – ಮಾರ್ಚ್ 5, 1953) ಇಪ್ಪತ್ತನೆಯ ಶತಮಾನದ ಪ್ರಮುಖ ರಷ್ಯನ್ ಸಂಗೀತ ಸಂಯೋಜಕರು, ಪಿಯಾನೋ ವಾದಕರು ಹಾಗೂ ವಾದ್ಯವೃಂದ ನಿರ್ದೇಶಕರು. ಸಿಂಫನಿ, ಒಪೆರಾ, ಬ್ಯಾಲೆ, ಕನ್ಚೆರ್ಟೊ, ಪಿಯಾನೋ ಸೊನಾಟಾ ಹಾಗೂ ಚಲನಚಿತ್ರ ಸಂಗೀತ ಹೀಗೆ ಬಹುತೇಕ ಎಲ್ಲ ಪ್ರಕಾರಗಳಲ್ಲಿಯೂ ಇವರು ಕೃತಿರಚನೆ ಮಾಡಿದ್ದಾರೆ. 'ರೋಮಿಯೋ ಮತ್ತು ಜೂಲಿಯೆಟ್' ಬ್ಯಾಲೆ, ಮಕ್ಕಳಿಗಾಗಿ ರಚಿಸಿದ 'ಪೀಟರ್ ಮತ್ತು ತೋಳ' ಹಾಗೂ 'ಕ್ಲಾಸಿಕಲ್ ಸಿಂಫನಿ' ಎಂದು ಹೆಸರಾದ ಮೊದಲನೆಯ ಸಿಂಫನಿ ಇವರ ಅತ್ಯಂತ ಜನಪ್ರಿಯ ಕೃತಿಗಳು. ಹದಿನೆಂಟನೆಯ ಶತಮಾನದ ವಾದ್ಯವೃಂದ ಶೈಲಿಯಲ್ಲಿ ಆಧುನಿಕ ಕಾಲದಲ್ಲಿ ಹೊಸ ಸಂಗೀತವನ್ನು ರಚಿಸಬಹುದೆಂಬುದಕ್ಕೆ ಈ ಸಿಂಫನಿಯನ್ನು ಇಂದಿಗೂ ಮಾದರಿಯಾಗಿ ತೋರಿಸಲಾಗುತ್ತದೆ.

ಜನನ ಮತ್ತು ಬಾಲ್ಯ

ಪ್ರೊಕೊಫಿಯೆವ್ ಅಂದಿನ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಉಕ್ರೇನಿನ ದೊನೆತ್ಸ್ಕ್ ಪ್ರಾಂತ್ಯದಲ್ಲಿರುವ ಸೊಂತ್ಸೊವ್ಕಾ ಎಂಬ ಹಳ್ಳಿಯಲ್ಲಿ ಜನಿಸಿದರು. ಇವರು ತಮ್ಮ ಹುಟ್ಟುಹಬ್ಬವನ್ನು ಏಪ್ರಿಲ್ 23ರಂದು ಆಚರಿಸುತ್ತಿದ್ದರೂ ಜನನ ದಾಖಲೆಯಲ್ಲಿ ಏಪ್ರಿಲ್ 27 ಎಂದಿದೆ. ತಂದೆ ಸೆರ್ಗೆಯ್ ಅಲೆಕ್ಸೆಯೆವಿಚ್ ಕೃಷಿತಜ್ಞರು. ಜಮೀನ್ದಾರರೊಬ್ಬರ ಎಸ್ಟೇಟನ್ನು ನೋಡಿಕೊಳ್ಳುತ್ತಿದ್ದರು. ತಾಯಿ ಮರಿಯಾ ಗ್ರಿಗೊರ್ಯೆವ್ನಾ ಉತ್ತಮ ಪಿಯಾನೋ ವಾದಕಿ. ಇವರಿಗಿಂತ ಮೊದಲು ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ಎಳವೆಯಲ್ಲಿಯೇ ತೀರಿಕೊಂಡಿದ್ದರಿಂದ ಮನೆಯ ಅಕ್ಕರೆಯೆಲ್ಲ ಉಳಿದೊಬ್ಬ ಮಗನ ಮೇಲಿತ್ತು.

ತಾಯಿ ಪ್ರತಿದಿನ ಅಭ್ಯಾಸ ಮಾಡುತ್ತಿದ್ದ ಬೀಥೋವನ್ ಮತ್ತು ಶೋಪಾನರ ಕೃತಿಗಳೇ ಬಾಲಕನ ಮೊದಲ ಸಂಗೀತ ಪಾಠವಾದವು. ಐದನೆಯ ವಯಸ್ಸಿನಲ್ಲಿ ಇವರು ರಚಿಸಿದ ಮೊದಲ ಪಿಯಾನೋ ಕೃತಿಯ ಹೆಸರು 'ಇಂಡಿಯನ್ ಗ್ಯಾಲಪ್'. ಆ ದಿನಗಳಲ್ಲಿ ಭಾರತದಲ್ಲಿ ಭೀಕರ ಕ್ಷಾಮ ತಲೆದೋರಿದ್ದು, ಅದರ ಸುದ್ದಿಯನ್ನು ಮನೆಯ ಹಿರಿಯರು ಪತ್ರಿಕೆಗಳಲ್ಲಿ ಓದಿ ಚರ್ಚಿಸುತ್ತಿದ್ದುದನ್ನು ಕೇಳಿ ಬಾಲಕ ಈ ಹೆಸರನ್ನಿಟ್ಟನು. ಪಿಯಾನೋದ ಕಪ್ಪು ಮನೆಗಳನ್ನು ಮುಟ್ಟಲು ಹೆದರಿ ಇಡೀ ಕೃತಿಯನ್ನು ಬಿಳಿ ಮನೆಗಳಲ್ಲಿಯೇ ಹೊಂದಿಸಲಾಗಿತ್ತು. ಒಂಬತ್ತನೆಯ ವಯಸ್ಸಿನಲ್ಲಿ 'ದೈತ್ಯ' ಎಂಬ ಪುಟ್ಟ ಒಪೆರಾ ಸಿದ್ಧವಾಯಿತು.

1902ರಲ್ಲಿ ತಾಯಿ ಮಗನನ್ನು ಮಾಸ್ಕೋದ ಸಂಯೋಜಕ ಸೆರ್ಗೆಯ್ ತನೆಯೆವ್ ಅವರ ಬಳಿಗೆ ಕರೆದೊಯ್ದರು. ಅವರ ಸಲಹೆಯ ಮೇರೆಗೆ ತರುಣ ಸಂಯೋಜಕ ರೈನ್‌ಹೋಲ್ಡ್ ಗ್ಲಿಯೇರ್ 1902 ಮತ್ತು 1903ರ ಬೇಸಿಗೆಗಳಲ್ಲಿ ಸೊಂತ್ಸೊವ್ಕಾಕ್ಕೆ ಬಂದು ಪಾಠ ಹೇಳಿದರು. ಈ ಅವಧಿಯಲ್ಲಿ ಬಾಲಕ ಜಿ ಮೇಜರ್ ಶ್ರೇಣಿಯಲ್ಲಿ ಒಂದು ಸಿಂಫನಿಯನ್ನು ಬರೆದು ತನೆಯೆವ್ ಅವರಿಗೆ ತೋರಿಸಿದನು. ಅದರ ಸ್ವರಮೈತ್ರಿ ತೀರಾ ಸರಳವಾಯಿತೆಂದು ತನೆಯೆವ್ ನಕ್ಕರು. ಆ ಮಾತು ಬಾಲಕನ ಮನಸ್ಸಿನಲ್ಲಿ ನಾಟಿ, ಮುಂದೆ ಅಸಾಮಾನ್ಯ ಸ್ವರಮೈತ್ರಿಗಳನ್ನು ಹುಡುಕುವ ಹಟವಾಗಿ ಬೆಳೆಯಿತು.

ಶಿಕ್ಷಣ

1904ರಲ್ಲಿ ಸಂಯೋಜಕ ಅಲೆಕ್ಸಾಂಡರ್ ಗ್ಲಜುನೊವ್ ಅವರ ಪ್ರೋತ್ಸಾಹದಿಂದ ಪ್ರೊಕೊಫಿಯೆವ್ ಸೇಂಟ್ ಪೀಟರ್ಸ್‌ಬರ್ಗಿನ ಸಂಗೀತ ವಿದ್ಯಾಲಯವನ್ನು ಸೇರಿದರು. ಆಗ ಇವರಿಗೆ 13 ವರ್ಷ. ಪ್ರವೇಶ ಪರೀಕ್ಷೆಗೆ ಇವರು ನಾಲ್ಕು ಒಪೆರಾ, ಎರಡು ಸೊನಾಟಾ, ಒಂದು ಸಿಂಫನಿ ಹಾಗೂ ಅನೇಕ ಪಿಯಾನೋ ರಚನೆಗಳಿದ್ದ ಎರಡು ಕಡತಗಳನ್ನು ಹೊತ್ತು ಬಂದಿದ್ದರು. ಅಲ್ಲಿ ಅನಾತೊಲಿ ಲ್ಯಾದೊವ್ ಅವರಿಂದ ಸ್ವರಮೈತ್ರಿಯನ್ನೂ, ನಿಕೊಲಾಯ್ ರಿಮ್ಸ್ಕಿ-ಕೊರ್ಸಕೊವ್ ಅವರಿಂದ ವಾದ್ಯವಿನ್ಯಾಸವನ್ನೂ, ಅನ್ನಾ ಯೆಸಿಪೊವಾ ಅವರಿಂದ ಪಿಯಾನೋ ವಾದನವನ್ನೂ ಕಲಿತರು. ತಮಗಿಂತ ಹತ್ತು ವರ್ಷ ಹಿರಿಯರಾದ ಸಹಪಾಠಿ ನಿಕೊಲಾಯ್ ಮ್ಯಾಸ್ಕೊವ್ಸ್ಕಿ ಅವರೊಡನೆ ಇಲ್ಲಿ ಬೆಳೆದ ಸ್ನೇಹ ಕೊನೆಯವರೆಗೂ ಉಳಿಯಿತು.

ವಾದ್ಯವೃಂದ ನಿರ್ದೇಶನವನ್ನು ಕಲಿಸಿದ ನಿಕೊಲಾಯ್ ಚೆರೆಪ್ನಿನ್ ಅವರ ಪ್ರಭಾವ ವಿಶೇಷವಾದದ್ದು. ಹೊಸ ಸಂಗೀತದ ಬಗ್ಗೆ ಆಸಕ್ತಿಯಿದ್ದ ಚೆರೆಪ್ನಿನ್, ತಮ್ಮ ವಿದ್ಯಾರ್ಥಿಗೆ ಹೇಡನ್ ಮತ್ತು ಮೊಜಾರ್ಟ್ ಅವರ ಸ್ವರಲಿಪಿಗಳನ್ನು ಸಾಲುಸಾಲಾಗಿ ಓದುವುದನ್ನು ಕಲಿಸಿದರು. ಕಡಿಮೆ ವಾದ್ಯಗಳಿಂದ ಸ್ಪಷ್ಟವಾದ ನಾದವನ್ನು ಹೊರಡಿಸುವ ಆ ಹಳೆಯ ಕುಶಲತೆಯ ರುಚಿ ಪ್ರೊಕೊಫಿಯೆವ್ ಅವರಿಗೆ ಹತ್ತಿದ್ದು ಈ ತರಗತಿಯಲ್ಲಿ. 1909ರಲ್ಲಿ ಚಿಕ್ಕ ವಾದ್ಯವೃಂದಕ್ಕಾಗಿ ಬರೆದ 'ಸಿಂಫೋನಿಯೆಟ್ಟಾ' ಆ ದಿಕ್ಕಿನ ಮೊದಲ ಪ್ರಯತ್ನ. ಅದು ತೃಪ್ತಿ ತಾರದೆ ಮುಂದೆ ಎರಡು ಬಾರಿ ಅದನ್ನು ತಿದ್ದಿ ಬರೆದರು.

ವಿದ್ಯಾರ್ಥಿ ದೆಸೆಯಲ್ಲಿಯೇ ಪ್ರೊಕೊಫಿಯೆವ್ ಸಂಪ್ರದಾಯವನ್ನು ಮುರಿಯುವವರೆಂದು ಹೆಸರಾದರು. 1913ರಲ್ಲಿ ಪಾವ್ಲೊವ್ಸ್ಕ್‌ನಲ್ಲಿ ಎರಡನೆಯ ಪಿಯಾನೋ ಕನ್ಚೆರ್ಟೊವನ್ನು ನುಡಿಸಿದಾಗ ಶ್ರೋತೃಗಳಲ್ಲಿ ಹಲವರು ಸಿಟ್ಟಿನಿಂದ ಎದ್ದು ಹೋದರು. 1914ರಲ್ಲಿ ವಿದ್ಯಾಲಯದ ಪಿಯಾನೋ ಸ್ಪರ್ಧೆಯಲ್ಲಿ ಹಳಬರ ಕೃತಿಯ ಬದಲು ತಮ್ಮದೇ ಮೊದಲನೆಯ ಕನ್ಚೆರ್ಟೊವನ್ನು ನುಡಿಸಿ ರುಬಿನ್‌ಸ್ಟೈನ್ ಬಹುಮಾನವನ್ನು ಗೆದ್ದರು. ಬಹುಮಾನವಾಗಿ ಗ್ರ್ಯಾಂಡ್ ಪಿಯಾನೋ ದೊರೆಯಿತು. 1916ರಲ್ಲಿ ಭಾರೀ ವಾದ್ಯವೃಂದಕ್ಕಾಗಿ ಬರೆದ 'ಸಿಥಿಯನ್ ಸ್ವೀಟ್' ಪ್ರದರ್ಶನಗೊಂಡಾಗ, ಹಿಂದೆ ಪ್ರೋತ್ಸಾಹಿಸಿದ್ದ ಗ್ಲಜುನೊವ್ ಅವರೇ ಅದರ ಅಬ್ಬರವನ್ನು ತಾಳಲಾರದೆ ಸಭಾಂಗಣದಿಂದ ಹೊರನಡೆದರು.

ಕ್ಲಾಸಿಕಲ್ ಸಿಂಫನಿ

ಹಿನ್ನೆಲೆ

ಪಾಶ್ಚಾತ್ಯ ಸಂಗೀತದಲ್ಲಿ 'ಕ್ಲಾಸಿಕಲ್' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಸಾಮಾನ್ಯ ಬಳಕೆಯಲ್ಲಿ ಅದು ಶಾಸ್ತ್ರೀಯ ಸಂಗೀತವನ್ನೆಲ್ಲ ಸೂಚಿಸಿದರೆ, ಸಂಗೀತ ಚರಿತ್ರೆಯಲ್ಲಿ ಸುಮಾರು 1750ರಿಂದ 1820ರವರೆಗಿನ ಕಾಲಘಟ್ಟವನ್ನು ಮಾತ್ರ ಸೂಚಿಸುತ್ತದೆ. ಜೋಸೆಫ್ ಹೇಡನ್ (1732–1809), ಮೊಜಾರ್ಟ್ (1756–1791) ಮತ್ತು ಬೀಥೋವನ್ (1770–1827) ಈ ಕಾಲದ ಪ್ರಮುಖರು. ನೂರಕ್ಕೂ ಹೆಚ್ಚು ಸಿಂಫನಿಗಳನ್ನು ಬರೆದ ಹೇಡನ್ ಆ ಪ್ರಕಾರಕ್ಕೆ ನಾಲ್ಕು ಭಾಗಗಳ ಖಚಿತ ರೂಪವನ್ನು ಕೊಟ್ಟರು: ವೇಗದ ಮೊದಲ ಭಾಗ, ನಿಧಾನಗತಿಯ ಎರಡನೆಯ ಭಾಗ, ಮಿನುಯೆಟ್ ನೃತ್ಯದ ಮೂರನೆಯ ಭಾಗ ಮತ್ತು ಚುರುಕಾದ ಕೊನೆಯ ಭಾಗ. ಸಮಾನ ಅಳತೆಯ ಚಿಕ್ಕ ಸ್ವರವಾಕ್ಯಗಳು, ತಂತಿವಾದ್ಯಗಳ ಪ್ರಾಧಾನ್ಯ, ಮೂಲ ಶ್ರೇಣಿಯಿಂದ ಹೊರಟು ಮತ್ತೆ ಅಲ್ಲಿಗೇ ಮರಳುವ ವಿನ್ಯಾಸ ಇವು ಈ ಶೈಲಿಯ ಲಕ್ಷಣಗಳು.

ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯವೃಂದ ಹಿಗ್ಗುತ್ತಾ ಹೋಗಿ, ಸಿಂಫನಿಯೊಂದು ಒಂದು ಗಂಟೆಯನ್ನೂ ಮೀರುವಷ್ಟು ಬೆಳೆಯಿತು. ಆ ನಡುವೆಯೂ ಹಿಂದಿನ ಕಾಲದತ್ತ ತಿರುಗಿ ನೋಡಿದ ಸಂಯೋಜಕರು ಇದ್ದರು. ಎಡ್ವರ್ಡ್ ಗ್ರೀಗ್ 1884ರಲ್ಲಿ ಹದಿನೆಂಟನೆಯ ಶತಮಾನದ ನೃತ್ಯರೂಪಗಳಲ್ಲಿ 'ಹೋಲ್ಬರ್ಗ್ ಸ್ವೀಟ್' ರಚಿಸಿದರು. ಚೈಕೊವ್ಸ್ಕಿ 1887ರ 'ಮೊಜಾರ್ಟಿಯಾನಾ'ದಲ್ಲಿ ಮೊಜಾರ್ಟ್ ಅವರದೇ ರಚನೆಗಳನ್ನು ವಾದ್ಯವೃಂದಕ್ಕೆ ಅಳವಡಿಸಿದರು. ಪ್ರೊಕೊಫಿಯೆವ್ ಅವರ ದಾರಿ ಬೇರೆಯಾಗಿತ್ತು. ಅವರು ಹಳೆಯ ಸ್ವರಪಂಕ್ತಿಯೊಂದನ್ನೂ ಎರವಲು ಪಡೆಯಲಿಲ್ಲ. ಹೇಡನ್ ಇಪ್ಪತ್ತನೆಯ ಶತಮಾನದವರೆಗೂ ಬದುಕಿದ್ದರೆ ತಮ್ಮ ಶೈಲಿಯನ್ನು ಉಳಿಸಿಕೊಂಡೇ ಹೊಸ ಕಾಲದಿಂದ ಏನನ್ನು ಪಡೆಯುತ್ತಿದ್ದರೆಂದು ಊಹಿಸಿ, ಅಂಥ ಸಿಂಫನಿಯನ್ನು ಬರೆಯಲು ಹೊರಟರು.

ರಚನೆ

ಕೃತಿಯ ಕೆಲಸ 1916ರಲ್ಲಿ ಗ್ಯಾವೋಟ್ ನೃತ್ಯದ ಭಾಗದಿಂದ ಆರಂಭವಾಗಿ, 1917ರ ಬೇಸಿಗೆಯಲ್ಲಿ ಮುಖ್ಯವಾಗಿ ನಡೆಯಿತು. ಅದು ರಷ್ಯಾದ ಎರಡು ಕ್ರಾಂತಿಗಳ ನಡುವಿನ ಕಾಲ. ಫೆಬ್ರವರಿ ಕ್ರಾಂತಿಯಲ್ಲಿ ತ್ಸಾರ್ ಆಳ್ವಿಕೆ ಕೊನೆಗೊಂಡಿತ್ತು. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ರಾಜಧಾನಿ ಪೆತ್ರೊಗ್ರಾದ್‌ನ ಬೀದಿಗಳಲ್ಲಿ ಗುಂಡಿನ ಸದ್ದು ಕೇಳಿಬರುತ್ತಿತ್ತು. ಪ್ರೊಕೊಫಿಯೆವ್ ನಗರದ ಹೊರವಲಯದ ಹಳ್ಳಿಯ ಮನೆಯೊಂದರಲ್ಲಿ ಒಬ್ಬರೇ ಉಳಿದು, ತತ್ತ್ವಜ್ಞಾನಿ ಕಾಂಟ್‌ನ ಗ್ರಂಥಗಳನ್ನು ಓದುತ್ತಾ ಸಂಗೀತ ರಚನೆಯಲ್ಲಿ ತೊಡಗಿದರು.

ಅಲ್ಲಿಗೆ ಅವರು ಬೇಕೆಂದೇ ಪಿಯಾನೋ ಒಯ್ಯಲಿಲ್ಲ. ಅದುವರೆಗೆ ಅವರ ಕೃತಿಗಳೆಲ್ಲ ಪಿಯಾನೋದ ಮುಂದೆ ಕುಳಿತು ರಚಿಸಿದವು. ವಾದ್ಯದ ಆಸರೆಯಿಲ್ಲದೆ ಮನಸ್ಸಿನಲ್ಲಿಯೇ ರೂಪುಗೊಂಡ ಸ್ವರವಿನ್ಯಾಸಗಳು ಎಷ್ಟೋ ಸಲ ಉತ್ತಮವಾಗಿರುತ್ತವೆಂಬುದನ್ನು ಅವರು ಗಮನಿಸಿದ್ದರು. ಪಿಯಾನೋದಲ್ಲಿ ಹುಟ್ಟಿದ ಸಂಗೀತವನ್ನು ಆಮೇಲೆ ಬೇರೆ ವಾದ್ಯಗಳಿಗೆ ಹಂಚುವುದಕ್ಕಿಂತ, ಆಯಾ ವಾದ್ಯದ ದನಿಯಲ್ಲಿಯೇ ಕಲ್ಪಿಸಿಕೊಂಡು ಬರೆದರೆ ವಾದ್ಯವೃಂದದ ಬಣ್ಣಗಳು ತಿಳಿಯಾಗಿ ಮೂಡುತ್ತವೆಂಬುದು ಅವರ ಎಣಿಕೆಯಾಗಿತ್ತು. ಈ ಪ್ರಯೋಗಕ್ಕೆ ಹೇಡನ್ ಶೈಲಿಯನ್ನು ಆರಿಸಿಕೊಂಡದ್ದಕ್ಕೂ ಇದೇ ಕಾರಣ. ಚೆರೆಪ್ನಿನ್ ಅವರ ತರಗತಿಯಲ್ಲಿ ಆ ಶೈಲಿ ಪೂರ್ತಿಯಾಗಿ ಕರಗತವಾಗಿದ್ದುದರಿಂದ, ಪಿಯಾನೋ ಇಲ್ಲದ ಅಪರಿಚಿತ ನೀರಿಗೆ ಪರಿಚಿತ ದಡದಿಂದ ಇಳಿದಂತಾಯಿತು. ಹೀಗೆ ಹಳೆಯ ಶೈಲಿ ಇವರ ಪಾಲಿಗೆ ಅನುಕರಣೆಯಾಗದೆ ಒಂದು ಶಿಸ್ತಾಯಿತು.

ಕೊನೆಯ ಭಾಗವನ್ನು ಮೊದಲು ಬರೆದಾಗ ಅದು ಉಳಿದ ಭಾಗಗಳಿಗಿಂತ ಭಾರವಾಯಿತೆನಿಸಿತು. ಅದನ್ನು ಬಿಟ್ಟುಕೊಟ್ಟು ಹೊಸದಾಗಿ ಬರೆಯುವಾಗ, ಇಡೀ ಭಾಗದಲ್ಲಿ ಒಂದೇ ಒಂದು ಮೈನರ್ ಸ್ವರಗುಚ್ಛವೂ ಬರಕೂಡದೆಂಬ ನಿಯಮವನ್ನು ಹಾಕಿಕೊಂಡರು. ವಿಷಾದದ ಛಾಯೆಯನ್ನು ತರುವ ಮೈನರ್ ಗುಚ್ಛಗಳನ್ನು ದೂರವಿಟ್ಟಿದ್ದರಿಂದ ಈ ಭಾಗಕ್ಕೆ ಎಡೆಬಿಡದ ಉಲ್ಲಾಸ ಬಂದಿದೆ. 1917ರ ಸೆಪ್ಟೆಂಬರ್‌ನಲ್ಲಿ ಸಿಂಫನಿ ಪೂರ್ಣಗೊಂಡಿತು.

ಹೆಸರಿಗೆ ಅವರು ಹಲವು ಕಾರಣಗಳನ್ನು ಕೊಟ್ಟಿದ್ದಾರೆ. ಅದು ಸರಳವಾಗಿತ್ತೆಂಬುದು ಒಂದು. ತಮ್ಮನ್ನು ಗದ್ದಲದ ಸಂಯೋಜಕರೆಂದು ಜರೆಯುತ್ತಿದ್ದವರನ್ನು ಕೆಣಕುವ ತುಂಟತನ ಇನ್ನೊಂದು. ಕಾಲ ಕಳೆದಂತೆ ಕೃತಿ ನಿಜಕ್ಕೂ ಕ್ಲಾಸಿಕ್ ಎನಿಸಿಕೊಂಡರೆ ಆಟದಲ್ಲಿ ಗೆದ್ದಂತೆ ಎಂಬ ಒಳಗಿನ ಆಸೆ ಮತ್ತೊಂದು.

ಸ್ವರೂಪ

ಡಿ ಮೇಜರ್ ಶ್ರೇಣಿಯ ಈ ಸಿಂಫನಿ ಸುಮಾರು 15 ನಿಮಿಷಗಳಷ್ಟು ಚಿಕ್ಕದು. ಎರಡೆರಡು ಫ್ಲೂಟ್, ಓಬೊ, ಕ್ಲಾರಿನೆಟ್, ಬಸೂನ್, ಹಾರ್ನ್ ಮತ್ತು ಟ್ರಂಪೆಟ್, ಜೊತೆಗೆ ಟಿಂಪನಿ ಭೇರಿಗಳು ಮತ್ತು ತಂತಿವಾದ್ಯಗಳು ಇದರಲ್ಲಿವೆ. ಹೇಡನ್ ತಮ್ಮ ಕೊನೆಯ ಸಿಂಫನಿಗೆ ಬಳಸಿದ ವಾದ್ಯವೃಂದವೂ ಇದೇ. ಇದರಲ್ಲಿ ನಾಲ್ಕು ಭಾಗಗಳಿವೆ.

ಮೊದಲನೆಯ ಭಾಗ (ಅಲೆಗ್ರೊ): ಕೆಳಗಿನ ಸ್ವರದಿಂದ ಮೇಲಕ್ಕೆ ಚಿಮ್ಮುವ ಸ್ವರಗುಚ್ಛದೊಡನೆ ಭಾಗ ತೆರೆದುಕೊಳ್ಳುತ್ತದೆ. ಜರ್ಮನಿಯ ಮ್ಯಾನ್‌ಹೈಮ್ ಆಸ್ಥಾನದ ಸಂಯೋಜಕರು ಹದಿನೆಂಟನೆಯ ಶತಮಾನದಲ್ಲಿ ರೂಢಿಗೆ ತಂದ ಈ ಆರಂಭಕ್ಕೆ 'ಮ್ಯಾನ್‌ಹೈಮ್ ರಾಕೆಟ್' ಎಂದು ಹೆಸರು. ಆದರೆ ತಾಳದ ಹತ್ತು ಸುತ್ತುಗಳು ಕಳೆಯುವಷ್ಟರಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ಸಂಗೀತ ಡಿ ಮೇಜರ್‌ನಿಂದ ಸಿ ಮೇಜರ್‌ಗೆ ಹಾರುತ್ತದೆ. ಹೇಡನ್ ಕಾಲದಲ್ಲಿ ಇಂಥ ಪಲ್ಲಟಕ್ಕೆ ದೀರ್ಘ ಸಿದ್ಧತೆ ಬೇಕಾಗುತ್ತಿತ್ತು. ಎರಡನೆಯ ಸ್ವರವಿಷಯದಲ್ಲಿ ಪಿಟೀಲುಗಳು ಎರಡು ಸ್ಥಾಯಿಗಳಷ್ಟು ದೂರದ ಸ್ವರಗಳಿಗೆ ಮೆಲ್ಲನೆ, ಠೀವಿಯಿಂದ ಜಿಗಿಯುತ್ತವೆ. ಕೆಳಗೆ ಒಂಟಿ ಬಸೂನ್ ಹಾಸ್ಯಗಾರನಂತೆ ಹೆಜ್ಜೆ ಹಾಕುತ್ತದೆ. ಆರಂಭದ ಸಂಗೀತ ಮರಳಿ ಬರುವಾಗಲೂ ಮೂಲ ಶ್ರೇಣಿಗೆ ಬದಲು ಸಿ ಮೇಜರ್‌ನಲ್ಲಿ ಬಂದು, ಆಮೇಲೆ ಸರಿದಾರಿಗೆ ಹೊರಳುತ್ತದೆ.

ಎರಡನೆಯ ಭಾಗ (ಲಾರ್ಗೆಟ್ಟೊ): ಎ ಮೇಜರ್ ಶ್ರೇಣಿಯ ಈ ನಿಧಾನಗತಿಯ ಭಾಗದಲ್ಲಿ ಸರಳ ಪಕ್ಕವಾದ್ಯದ ಮೇಲೆ ಪಿಟೀಲುಗಳ ರಾಗಭಾವದ ಎಳೆ ಅತಿ ಎತ್ತರದ ಸ್ಥಾಯಿಯಿಂದ ಇಳಿದು ಬರುತ್ತದೆ. ಕೃತಿಯ ಅತ್ಯಂತ ಭಾವಪೂರ್ಣ ಭಾಗವಿದು.

ಮೂರನೆಯ ಭಾಗ (ಗ್ಯಾವೋಟ್): ಹೇಡನ್ ಬಳಸುತ್ತಿದ್ದ ಮಿನುಯೆಟ್‌ಗೆ ಬದಲು ಇಲ್ಲಿ ಇನ್ನೂ ಹಳೆಯದಾದ ಫ್ರೆಂಚ್ ಆಸ್ಥಾನ ನೃತ್ಯ ಗ್ಯಾವೋಟ್ ಇದೆ. ಕೆಲವೇ ಸುತ್ತುಗಳಲ್ಲಿ ಸ್ವರಮೈತ್ರಿ ದೂರದ ಶ್ರೇಣಿಗಳಿಗೆ ಕಾಲಿಟ್ಟು, ಏನೂ ಆಗಿಲ್ಲವೆಂಬಂತೆ ಹಿಂದಿರುಗುತ್ತದೆ. ಎರಡು ನಿಮಿಷವನ್ನೂ ಮುಟ್ಟದ ಈ ಭಾಗ ಮೆಲುದನಿಯಲ್ಲಿ ಮುಗಿಯುತ್ತದೆ. ಪ್ರೊಕೊಫಿಯೆವ್ ಇದನ್ನೇ ವಿಸ್ತರಿಸಿ 'ರೋಮಿಯೋ ಮತ್ತು ಜೂಲಿಯೆಟ್' ಬ್ಯಾಲೆಯಲ್ಲಿ ಅತಿಥಿಗಳು ಔತಣದಿಂದ ತೆರಳುವ ಸನ್ನಿವೇಶಕ್ಕೆ ಬಳಸಿಕೊಂಡರು.

ನಾಲ್ಕನೆಯ ಭಾಗ (ಮೋಲ್ಟೊ ವಿವಾಚೆ): ಅತಿ ವೇಗದ ಸಮಾಪ್ತಿ. ಸುಷಿರವಾದ್ಯಗಳವರಿಗೆ, ಅದರಲ್ಲಿಯೂ ಫ್ಲೂಟ್ ವಾದಕರಿಗೆ ಇದು ಕಠಿಣ ಪರೀಕ್ಷೆ. ಕೇಳಲು ಹಗುರವಾಗಿದ್ದರೂ ನುಡಿಸಲು ಕಷ್ಟವಾದ ಕೃತಿಯೆಂದು ವಾದ್ಯಗಾರರಲ್ಲಿ ಈ ಸಿಂಫನಿಗೆ ಹೆಸರಿದೆ.

ಮೊದಲ ಪ್ರದರ್ಶನ ಮತ್ತು ಪ್ರಭಾವ

1918ರ ಏಪ್ರಿಲ್ 21ರಂದು ಪೆತ್ರೊಗ್ರಾದ್‌ನಲ್ಲಿ, ಹಿಂದೆ ತ್ಸಾರ್ ಆಸ್ಥಾನಕ್ಕೆ ಸೇರಿದ್ದ ವಾದ್ಯವೃಂದ ಪ್ರೊಕೊಫಿಯೆವ್ ಅವರ ನಿರ್ದೇಶನದಲ್ಲಿಯೇ ಈ ಸಿಂಫನಿಯನ್ನು ಮೊದಲ ಬಾರಿಗೆ ನುಡಿಸಿತು. ಹೊಸ ಬೊಲ್ಶೆವಿಕ್ ಸರ್ಕಾರದ ಶಿಕ್ಷಣ ಸಚಿವರಾಗಿದ್ದ ಅನಾತೊಲಿ ಲುನಚಾರ್ಸ್ಕಿ ಸಭೆಯಲ್ಲಿದ್ದರು. ವಿದೇಶಕ್ಕೆ ಹೋಗಲು ಪ್ರೊಕೊಫಿಯೆವ್ ಅನುಮತಿ ಕೋರಿದಾಗ, ಸಂಗೀತದಲ್ಲಿ ಕ್ರಾಂತಿಕಾರಿಯಾದವರು ಜೀವನದಲ್ಲಿ ಕ್ರಾಂತಿ ಮಾಡುತ್ತಿರುವವರ ಜೊತೆಗಿರಬೇಕೆಂದು ಲುನಚಾರ್ಸ್ಕಿ ಹೇಳಿದರಾದರೂ ದಾರಿಗೆ ಅಡ್ಡಬರಲಿಲ್ಲ.

ಎರಡು ವರ್ಷಗಳ ನಂತರ, 1920ರಲ್ಲಿ, ಇಗೊರ್ ಸ್ಟ್ರಾವಿನ್‌ಸ್ಕಿ ಹದಿನೆಂಟನೆಯ ಶತಮಾನದ ಸ್ವರಪಂಕ್ತಿಗಳನ್ನು ಆಧರಿಸಿ 'ಪುಲ್ಚಿನೆಲ್ಲಾ' ಬ್ಯಾಲೆಯನ್ನು ರಚಿಸಿದರು. ಆ ನಂತರ ಯುರೋಪಿನಲ್ಲಿ ಹಬ್ಬಿದ ನವ-ಕ್ಲಾಸಿಕಲ್ ಪಂಥಕ್ಕೆ ಪ್ರೊಕೊಫಿಯೆವ್ ಸಿಂಫನಿಯನ್ನು ಪೂರ್ವಸೂಚನೆಯೆಂದು ವಿಮರ್ಶಕರು ಗುರುತಿಸುತ್ತಾರೆ. ಆದರೆ ಪ್ರೊಕೊಫಿಯೆವ್ ಆ ಪಂಥದೊಡನೆ ತಮ್ಮನ್ನು ಗುರುತಿಸಿಕೊಳ್ಳಲಿಲ್ಲ. ಹಿಂದಿನವರ ದನಿಯಲ್ಲಿಯೇ ಸದಾ ಮಾತಾಡುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ತಮ್ಮ ಸಂಗೀತದಲ್ಲಿ ಕ್ಲಾಸಿಕಲ್, ಆಧುನಿಕ, ಲಯಪ್ರಧಾನ ಮತ್ತು ಭಾವಪ್ರಧಾನ ಎಂಬ ನಾಲ್ಕು ಎಳೆಗಳಿವೆಯೆಂದೂ, ಕ್ಲಾಸಿಕಲ್ ಎಳೆ ಬಾಲ್ಯದಲ್ಲಿ ತಾಯಿ ನುಡಿಸುತ್ತಿದ್ದ ಬೀಥೋವನ್ ಸೊನಾಟಾಗಳಿಂದ ಬಂದದ್ದೆಂದೂ ಅವರು ಆತ್ಮಕಥನದಲ್ಲಿ ವಿವರಿಸಿದ್ದಾರೆ.

ವಿದೇಶವಾಸ

1918ರ ಮೇ ತಿಂಗಳಲ್ಲಿ ಪ್ರೊಕೊಫಿಯೆವ್ ಸೈಬೀರಿಯಾದ ಮೂಲಕ ರೈಲಿನಲ್ಲಿ ಹೊರಟು, ಜಪಾನಿನ ಟೋಕಿಯೊ ಮತ್ತು ಯೊಕೊಹಾಮಾಗಳಲ್ಲಿ ಕಚೇರಿ ನಡೆಸಿ, ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ತಲುಪಿದರು. ರಷ್ಯಾದಿಂದ ಬಂದವರೆಂಬ ಸಂಶಯದಿಂದ ಅಲ್ಲಿನ ಅಧಿಕಾರಿಗಳು ಕೆಲವು ದಿನ ತಡೆದಿರಿಸಿ ವಿಚಾರಿಸಿದರು. ಕೆಲವೇ ತಿಂಗಳುಗಳಿಗೆಂದು ಹೊರಟವರ ವಿದೇಶವಾಸ ಹದಿನೆಂಟು ವರ್ಷಗಳಿಗೆ ಬೆಳೆಯಿತು. ರಷ್ಯಾದಲ್ಲಿ ಬಿಟ್ಟುಬಂದಿದ್ದ ಎರಡನೆಯ ಪಿಯಾನೋ ಕನ್ಚೆರ್ಟೊದ ಸ್ವರಲಿಪಿ ಕ್ರಾಂತಿಯ ಗದ್ದಲದಲ್ಲಿ ನಾಶವಾಯಿತು. 1923ರಲ್ಲಿ ಅದನ್ನು ಮತ್ತೆ ಬರೆಯಬೇಕಾಯಿತು.

1921ರ ಡಿಸೆಂಬರ್‌ನಲ್ಲಿ ಷಿಕಾಗೊ ನಗರದಲ್ಲಿ ಮೂರನೆಯ ಪಿಯಾನೋ ಕನ್ಚೆರ್ಟೊ ಹಾಗೂ 'ಮೂರು ಕಿತ್ತಳೆಗಳ ಮೋಹ' ಎಂಬ ಹಾಸ್ಯ ಒಪೆರಾ ಪ್ರದರ್ಶನಗೊಂಡವು. 1922ರಲ್ಲಿ ಜರ್ಮನಿಯ ಬವೇರಿಯಾ ಪ್ರಾಂತ್ಯದ ಎಟ್ಟಾಲ್ ಎಂಬ ಹಳ್ಳಿಗೆ ಬಂದರು. 1923ರಲ್ಲಿ ಸ್ಪೇನ್‌ನಲ್ಲಿ ಹುಟ್ಟಿದ ಗಾಯಕಿ ಲೀನಾ ಕೊದಿನಾ ಅವರನ್ನು ವಿವಾಹವಾಗಿ ಪ್ಯಾರಿಸ್‌ನಲ್ಲಿ ನೆಲೆಸಿದರು. ಸ್ವ್ಯಾತೊಸ್ಲಾವ್ ಮತ್ತು ಒಲೆಗ್ ಇವರ ಮಕ್ಕಳು.

ಪ್ಯಾರಿಸ್‌ನಲ್ಲಿ ಹೊಸತನದ ಪೈಪೋಟಿ ಜೋರಾಗಿತ್ತು. ಕಬ್ಬಿಣ ಉಕ್ಕುಗಳಂತೆ ಕಠಿಣವಾದ ಸಂಗೀತವನ್ನು ಕೊಡಬೇಕೆಂದು ಪ್ರೊಕೊಫಿಯೆವ್ 1925ರಲ್ಲಿ ಎರಡನೆಯ ಸಿಂಫನಿಯನ್ನು ರಚಿಸಿದರು. ಅದರ ಅಬ್ಬರದ ಒಳಗೂ ಒಂದು ಹಳೆಯ ಅಸ್ಥಿಪಂಜರವಿದೆ: ಬೀಥೋವನ್ ಅವರ ಕೊನೆಯ ಪಿಯಾನೋ ಸೊನಾಟಾದಂತೆ ಇದರಲ್ಲಿಯೂ ಎರಡೇ ಭಾಗಗಳಿದ್ದು, ಎರಡನೆಯದು ಒಂದೇ ಸ್ವರವಿಷಯದ ರೂಪಾಂತರಗಳ ಸರಣಿ. ಶ್ರೋತೃಗಳು ಅದನ್ನು ಮೆಚ್ಚಲಿಲ್ಲ. ಇತ್ತ ಕ್ಲಾಸಿಕಲ್ ಸಿಂಫನಿ ಯುರೋಪ್ ಅಮೆರಿಕಗಳ ಸಭಾಂಗಣಗಳಲ್ಲಿ ಮತ್ತೆ ಮತ್ತೆ ಕೇಳಿಬರತೊಡಗಿತು. ಸೆರ್ಗೆಯ್ ಕೂಸೆವಿಟ್ಸ್ಕಿ ಅವರ ನಿರ್ದೇಶನದಲ್ಲಿ ಬಾಸ್ಟನ್ ಸಿಂಫನಿ ವಾದ್ಯವೃಂದ 1929ರಲ್ಲಿ ಅದನ್ನು ಧ್ವನಿಮುದ್ರಿಸಿತು.

ತಾಯ್ನಾಡಿಗೆ ಮರಳಿಕೆ

1927ರ ಸೋವಿಯತ್ ಪ್ರವಾಸದಲ್ಲಿ ದೊರೆತ ಅದ್ಧೂರಿ ಸ್ವಾಗತ ಪ್ರೊಕೊಫಿಯೆವ್ ಅವರನ್ನು ತಾಯ್ನಾಡಿನತ್ತ ಸೆಳೆಯಿತು. 1934ರ ಒಂದು ಲೇಖನದಲ್ಲಿ ಅವರು, ಸಂಗೀತ ಜನರಿಗೆ ಅರ್ಥವಾಗುವಂತೆ ಸರಳವಾಗಿರಬೇಕು, ಆದರೆ ಆ ಸರಳತೆ ಹಳಸಿದ ಸೂತ್ರಗಳ ಪುನರಾವರ್ತನೆಯಾಗದೆ ಹೊಸ ಸರಳತೆಯಾಗಿರಬೇಕೆಂಬ ನಿಲುವನ್ನು ಮಂಡಿಸಿದರು. 1936ರಲ್ಲಿ ಕುಟುಂಬದೊಡನೆ ಮಾಸ್ಕೋದಲ್ಲಿ ನೆಲೆಸಿದರು.

ಆ ನಿಲುವಿನ ಫಲವೆನ್ನಬಹುದಾದ ಕೃತಿಗಳು ಈ ಕಾಲದಲ್ಲಿ ಬಂದವು. 1936ರ ಮೇ 2ರಂದು ಮಾಸ್ಕೋದಲ್ಲಿ ಮೊದಲು ಪ್ರದರ್ಶನಗೊಂಡ 'ಪೀಟರ್ ಮತ್ತು ತೋಳ' ಮಕ್ಕಳಿಗೆ ವಾದ್ಯಗಳನ್ನು ಪರಿಚಯಿಸುವ ಕಥೆ. ಹಕ್ಕಿಗೆ ಫ್ಲೂಟ್, ಬಾತುಕೋಳಿಗೆ ಓಬೊ, ಬೆಕ್ಕಿಗೆ ಕ್ಲಾರಿನೆಟ್, ಅಜ್ಜನಿಗೆ ಬಸೂನ್, ತೋಳಕ್ಕೆ ಮೂರು ಹಾರ್ನ್‌ಗಳು, ಪೀಟರ್‌ಗೆ ತಂತಿವಾದ್ಯಗಳು ದನಿಯಾಗಿವೆ. 1935ರಲ್ಲಿ ರಚಿಸಿದ 'ರೋಮಿಯೋ ಮತ್ತು ಜೂಲಿಯೆಟ್' ಬ್ಯಾಲೆಯನ್ನು ಮೊದಲು ಆಡಿದ್ದು 1938ರಲ್ಲಿ ಚೆಕೊಸ್ಲೊವಾಕಿಯಾದ ಬ್ರ್ನೊ ನಗರದಲ್ಲಿ; ಲೆನಿನ್‌ಗ್ರಾದ್‌ನಲ್ಲಿ 1940ರ ಜನವರಿಯಲ್ಲಿ ಗಲೀನಾ ಉಲನೊವಾ ಜೂಲಿಯೆಟ್ ಆಗಿ ನರ್ತಿಸಿದರು. ಸೆರ್ಗೆಯ್ ಐಸೆನ್‌ಸ್ಟೈನ್ ಅವರ 'ಅಲೆಕ್ಸಾಂಡರ್ ನೆವ್ಸ್ಕಿ' (1938) ಚಿತ್ರಕ್ಕೆ ಒದಗಿಸಿದ ಸಂಗೀತ ಚಲನಚಿತ್ರ ಸಂಗೀತದ ಇತಿಹಾಸದಲ್ಲಿ ಮುಖ್ಯವಾದದ್ದು.

ಇದೇ ವರ್ಷಗಳಲ್ಲಿ ಸ್ಟಾಲಿನ್ ಆಡಳಿತದ ದಮನವೂ ನಡೆದಿತ್ತು. ಪ್ರೊಕೊಫಿಯೆವ್ ಅವರ ಒಪೆರಾ ನಿರ್ದೇಶಿಸಬೇಕಾಗಿದ್ದ ರಂಗಕರ್ಮಿ ಮೆಯೆರ್‌ಹೋಲ್ಡ್ ಅವರನ್ನು 1939ರಲ್ಲಿ ಬಂಧಿಸಿ, ಮರುವರ್ಷ ಗುಂಡಿಟ್ಟು ಕೊಲ್ಲಲಾಯಿತು. ಪ್ರೊಕೊಫಿಯೆವ್ ಅವರಿಗೆ ಮುಂದೆ ವಿದೇಶ ಪ್ರಯಾಣದ ಬಾಗಿಲು ಮುಚ್ಚಿತು. 1941ರಲ್ಲಿ ಅವರು ಲೀನಾ ಅವರಿಂದ ದೂರವಾಗಿ, ಲೇಖಕಿ ಮೀರಾ ಮೆಂಡೆಲ್‌ಸನ್ ಅವರೊಡನೆ ಬಾಳತೊಡಗಿದರು. ಯುದ್ಧದ ಸಮಯದಲ್ಲಿ ಇತರ ಕಲಾವಿದರೊಡನೆ ನಲ್ಚಿಕ್, ತ್ಬಿಲಿಸಿ, ಅಲ್ಮಾ-ಅತಾ ಮೊದಲಾದ ಕಡೆ ವಾಸಿಸುತ್ತಾ ಟಾಲ್‌ಸ್ಟಾಯ್ ಕಾದಂಬರಿಯನ್ನಾಧರಿಸಿದ 'ಯುದ್ಧ ಮತ್ತು ಶಾಂತಿ' ಒಪೆರಾವನ್ನು ಬರೆದರು. ಇದನ್ನು ಪೂರ್ಣರೂಪದಲ್ಲಿ ರಂಗದ ಮೇಲೆ ನೋಡುವ ಭಾಗ್ಯ ಅವರಿಗೆ ದೊರೆಯಲಿಲ್ಲ.

1945ರ ಜನವರಿ 13ರಂದು ಮಾಸ್ಕೋದಲ್ಲಿ ಐದನೆಯ ಸಿಂಫನಿಯನ್ನು ಅವರೇ ನಿರ್ದೇಶಿಸಿದರು. ಸೋವಿಯತ್ ಸೇನೆಯ ಮುನ್ನಡೆಯನ್ನು ಸಾರುವ ಫಿರಂಗಿಗಳ ಸದ್ದು ನಿಲ್ಲುವವರೆಗೆ ಕಾದು, ಆಮೇಲೆ ಅವರು ಕೈ ಎತ್ತಿದರು. ಕೆಲವೇ ದಿನಗಳಲ್ಲಿ ರಕ್ತದೊತ್ತಡದಿಂದ ಕುಸಿದು ಬಿದ್ದು ತಲೆಗೆ ಪೆಟ್ಟಾಯಿತು. ಅಲ್ಲಿಂದ ಮುಂದೆ ಅವರ ಆರೋಗ್ಯ ಪೂರ್ತಿ ಸುಧಾರಿಸಲಿಲ್ಲ.

1948ರ ಖಂಡನೆ

1948ರ ಫೆಬ್ರವರಿ 10ರಂದು ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ಸಂಗೀತದ ಕುರಿತು ಒಂದು ನಿರ್ಣಯವನ್ನು ಹೊರಡಿಸಿತು. ಪ್ರೊಕೊಫಿಯೆವ್, ಶೊಸ್ತಕೊವಿಚ್, ಮ್ಯಾಸ್ಕೊವ್ಸ್ಕಿ, ಖಚತುರಿಯನ್ ಮೊದಲಾದವರು ಜನರಿಂದ ದೂರವಾದ 'ರೂಪವಾದಿ' ಸಂಗೀತ ಬರೆಯುತ್ತಿದ್ದಾರೆಂದು ಅದು ಖಂಡಿಸಿತು. ಸರಳತೆ, ಸುಶ್ರಾವ್ಯತೆ ಮತ್ತು ಹತ್ತೊಂಬತ್ತನೆಯ ಶತಮಾನದ ರಷ್ಯನ್ ಪರಂಪರೆಗೆ ನಿಷ್ಠೆ ಸಂಯೋಜಕರ ಕರ್ತವ್ಯವೆಂದು ವಿಧಿಸಲಾಯಿತು. 26ನೆಯ ವಯಸ್ಸಿನಲ್ಲಿ ಯಾರ ಒತ್ತಾಯವೂ ಇಲ್ಲದೆ, ಆಟದಂತೆ ಆರಿಸಿಕೊಂಡಿದ್ದ ಸರಳತೆ ಮತ್ತು ಪರಂಪರೆಗಳು 56ನೆಯ ವಯಸ್ಸಿನಲ್ಲಿ ಅವರ ಮುಂದೆ ಸರ್ಕಾರಿ ಆಜ್ಞೆಯಾಗಿ ಬಂದು ನಿಂತವು.

ಎರಡು ಪಿಯಾನೋ ಸೊನಾಟಾಗಳೂ ಸೇರಿದಂತೆ ಅವರ ಎಂಟು ಕೃತಿಗಳ ಪ್ರದರ್ಶನವನ್ನು ನಿಷೇಧಿಸಲಾಯಿತು. ನಿಷೇಧವಿಲ್ಲದ ಕೃತಿಗಳನ್ನು ನುಡಿಸಲು ಸಹ ಸಂಘಟಕರು ಹಿಂಜರಿದರು. ಅನಾರೋಗ್ಯದಿಂದ ಸಭೆಗಳಿಗೆ ಹೋಗಲಾಗದ ಪ್ರೊಕೊಫಿಯೆವ್ ಪತ್ರದ ಮೂಲಕ ತಪ್ಪೊಪ್ಪಿಕೊಂಡರು. ಫೆಬ್ರವರಿ 20ರಂದು ಲೀನಾ ಅವರನ್ನು ಗೂಢಚಾರಿಕೆಯ ಆರೋಪದ ಮೇಲೆ ಬಂಧಿಸಿ 20 ವರ್ಷಗಳ ಶ್ರಮಶಿಬಿರದ ಶಿಕ್ಷೆ ವಿಧಿಸಲಾಯಿತು. ಅವರು 1956ರಲ್ಲಿ ಬಿಡುಗಡೆಯಾಗಿ, 1989ರಲ್ಲಿ ಲಂಡನ್‌ನಲ್ಲಿ ನಿಧನರಾದರು. ಆಜ್ಞೆಗೆ ಅನುಗುಣವಾಗಿ ಬರೆದ 'ನಿಜವಾದ ಮನುಷ್ಯನ ಕಥೆ' ಎಂಬ ಒಪೆರಾ ಕೂಡ 1948ರ ಡಿಸೆಂಬರ್‌ನಲ್ಲಿ ನಡೆದ ಪರಿಶೀಲನಾ ಪ್ರದರ್ಶನದಲ್ಲಿ ತಿರಸ್ಕೃತವಾಯಿತು.

ಕೊನೆಯ ವರ್ಷಗಳು ಮತ್ತು ನಿಧನ

ಈ ಸಂಕಷ್ಟದ ಕಾಲದಲ್ಲಿ ತರುಣ ಚೆಲ್ಲೊ ವಾದಕ ಮ್ಸ್ತಿಸ್ಲಾವ್ ರೊಸ್ಟ್ರಪೊವಿಚ್ ಮತ್ತು ಪಿಯಾನೋ ವಾದಕ ಸ್ವ್ಯಾತೊಸ್ಲಾವ್ ರಿಕ್ತರ್ ಅವರ ಒಡನಾಟ ಪ್ರೊಕೊಫಿಯೆವ್ ಅವರಿಗೆ ಆಸರೆಯಾಯಿತು. ಚೆಲ್ಲೊ ಸೊನಾಟಾ (1949) ಮತ್ತು ಚೆಲ್ಲೊ ಹಾಗೂ ವಾದ್ಯವೃಂದಕ್ಕಾಗಿ ರಚಿಸಿದ ಸಿಂಫನಿ-ಕನ್ಚೆರ್ಟೊ (1952) ಈ ಸ್ನೇಹದ ಫಲ. ದಿನಕ್ಕೆ ಬಹಳ ಕಡಿಮೆ ಹೊತ್ತು ಮಾತ್ರ ಕೆಲಸ ಮಾಡಬೇಕೆಂದು ವೈದ್ಯರು ಮಿತಿ ಹಾಕಿದ್ದರು.

ಏಳನೆಯ ಸಿಂಫನಿಯನ್ನು ಅವರು ಮಕ್ಕಳ ಬಾನುಲಿ ವಿಭಾಗಕ್ಕಾಗಿ ತಿಳಿಯಾದ, ಸರಳ ಶೈಲಿಯಲ್ಲಿ ಬರೆದರು. ಶಾಂತವಾಗಿ, ನೆನಪೊಂದು ಮಸುಕಾದಂತೆ ಮುಗಿಯುವ ಈ ಕೃತಿಗೆ ಉತ್ಸಾಹದ ಮುಕ್ತಾಯವನ್ನು ಸೇರಿಸಿದರೆ ದೊಡ್ಡ ಬಹುಮಾನ ಸಿಗಬಹುದೆಂಬ ಸಲಹೆ ಬಂದಾಗ, ಹಣದ ಅಡಚಣೆಯಲ್ಲಿದ್ದ ಅವರು ಹಾಗೆ ಮಾಡಿದರು. ಆದರೆ ತಮ್ಮ ಕಾಲಾನಂತರ ಮೂಲ ಮುಕ್ತಾಯವೇ ಉಳಿಯುವಂತೆ ನೋಡಿಕೊಳ್ಳಬೇಕೆಂದು ರೊಸ್ಟ್ರಪೊವಿಚ್ ಅವರಿಗೆ ತಿಳಿಸಿದ್ದರು. 1952ರ ಅಕ್ಟೋಬರ್ 11ರಂದು ಸಿಂಫನಿ ಮೊದಲ ಬಾರಿಗೆ ಪ್ರದರ್ಶನಗೊಂಡಿತು.

1953ರ ಮಾರ್ಚ್ 5ರ ರಾತ್ರಿ ಮಿದುಳಿನ ರಕ್ತಸ್ರಾವದಿಂದ ಪ್ರೊಕೊಫಿಯೆವ್ ಮಾಸ್ಕೋದಲ್ಲಿ ನಿಧನರಾದರು. ಅದೇ ರಾತ್ರಿ ಸ್ಟಾಲಿನ್ ಸಹ ತೀರಿಕೊಂಡರು. ಪ್ರೊಕೊಫಿಯೆವ್ ಅವರ ಮನೆ ಕೆಂಪು ಚೌಕದ ಬಳಿಯಿದ್ದು, ಸ್ಟಾಲಿನ್ ಅವರ ಅಂತಿಮ ದರ್ಶನಕ್ಕೆ ನೆರೆದ ಜನಸಾಗರದಿಂದ ಸುತ್ತಲಿನ ಬೀದಿಗಳೆಲ್ಲ ಮುಚ್ಚಿಹೋಗಿದ್ದವು. ಶವವಾಹನ ಬರಲಾಗದೆ ಶವಪೆಟ್ಟಿಗೆಯನ್ನು ಹಿಂದಿನ ಓಣಿಗಳ ಮೂಲಕ ಕೈಯಲ್ಲಿ ಹೊತ್ತು ಸಾಗಿಸಬೇಕಾಯಿತು. ಪತ್ರಿಕೆಗಳ ಪುಟಗಳು ಸ್ಟಾಲಿನ್ ಸುದ್ದಿಗೆ ಮೀಸಲಾಗಿದ್ದರಿಂದ ಸಂಯೋಜಕರ ಮರಣದ ಸುದ್ದಿ ತಡವಾಗಿ ಹೊರಬಂದಿತು. ಮಾಸ್ಕೋದ ನೊವೊದೆವಿಚಿ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ಹವ್ಯಾಸ

ಪ್ರೊಕೊಫಿಯೆವ್ ಚದುರಂಗದ ಉತ್ತಮ ಆಟಗಾರರು. ಮುಂದೆ ವಿಶ್ವ ಚಾಂಪಿಯನ್ ಆದ ಕಪಾಬ್ಲಾಂಕಾ 1914ರಲ್ಲಿ ಏಕಕಾಲಕ್ಕೆ ಹಲವರೊಡನೆ ಆಡಿದ ಪ್ರದರ್ಶನವೊಂದರಲ್ಲಿ ಇವರು ಒಂದು ಆಟವನ್ನು ಗೆದ್ದಿದ್ದರು. 1937ರಲ್ಲಿ ಪಿಟೀಲು ವಾದಕ ಡೇವಿಡ್ ಒಯಿಸ್ತ್ರಾಖ್ ಅವರೊಡನೆ ಸಾರ್ವಜನಿಕವಾಗಿ ಚದುರಂಗದ ಪಂದ್ಯ ಆಡಿದರು.

ಗೌರವ ಮತ್ತು ಸ್ಮರಣೆ

ಜೀವಿತಕಾಲದಲ್ಲಿ ಇವರಿಗೆ ಆರು ಸ್ಟಾಲಿನ್ ಬಹುಮಾನಗಳು ಸಂದವು. ಏಳನೆಯ ಸಿಂಫನಿಗೆ 1957ರಲ್ಲಿ ಮರಣೋತ್ತರವಾಗಿ ಲೆನಿನ್ ಬಹುಮಾನ ದೊರೆಯಿತು. 1958ರಲ್ಲಿ ಪಕ್ಷವೇ ಹತ್ತು ವರ್ಷಗಳ ಹಿಂದಿನ ಖಂಡನೆ ಅನ್ಯಾಯದ್ದೆಂದು ಒಪ್ಪಿಕೊಂಡಿತು. ಹುಟ್ಟೂರಿನ ಪ್ರಾಂತ್ಯದ ದೊನೆತ್ಸ್ಕ್ ವಿಮಾನನಿಲ್ದಾಣಕ್ಕೆ ಇವರ ಹೆಸರನ್ನು ಇಡಲಾಗಿತ್ತು; 2014ರ ಯುದ್ಧದಲ್ಲಿ ಆ ನಿಲ್ದಾಣ ನಾಶವಾಯಿತು. ಕ್ಲಾಸಿಕಲ್ ಸಿಂಫನಿ ಇಂದು ಜಗತ್ತಿನಾದ್ಯಂತ ವಾದ್ಯವೃಂದಗಳ ನಿತ್ಯದ ಸಂಗ್ರಹದಲ್ಲಿ ಸೇರಿದ್ದು, ಸಂಗೀತ ಸಂಯೋಜನೆಯ ವಿದ್ಯಾರ್ಥಿಗಳು ಹೇಡನ್ ಕೃತಿಗಳ ಪಕ್ಕದಲ್ಲಿಟ್ಟು ಅಭ್ಯಾಸ ಮಾಡುವ ಪಠ್ಯವಾಗಿದೆ.

ಪ್ರಮುಖ ಕೃತಿಗಳು

- ಸಿಂಫನಿಗಳು: ಮೊದಲನೆಯದು 'ಕ್ಲಾಸಿಕಲ್' (1917), ಎರಡನೆಯದು (1925), ಐದನೆಯದು (1944), ಏಳನೆಯದು (1952)
- ಒಪೆರಾ: ಮೂರು ಕಿತ್ತಳೆಗಳ ಮೋಹ, ಯುದ್ಧ ಮತ್ತು ಶಾಂತಿ, ನಿಜವಾದ ಮನುಷ್ಯನ ಕಥೆ
- ಬ್ಯಾಲೆ: ರೋಮಿಯೋ ಮತ್ತು ಜೂಲಿಯೆಟ್, ಸಿಂಡರೆಲ್ಲಾ
- ಕನ್ಚೆರ್ಟೊ: ಪಿಯಾನೋಗೆ ಐದು, ಪಿಟೀಲಿಗೆ ಎರಡು, ಚೆಲ್ಲೊಗೆ ಸಿಂಫನಿ-ಕನ್ಚೆರ್ಟೊ
- ಚಲನಚಿತ್ರ ಸಂಗೀತ: ಲೆಫ್ಟಿನೆಂಟ್ ಕೀಜೆ, ಅಲೆಕ್ಸಾಂಡರ್ ನೆವ್ಸ್ಕಿ, ಇವಾನ್ ದಿ ಟೆರಿಬಲ್
- ಮಕ್ಕಳಿಗಾಗಿ: ಪೀಟರ್ ಮತ್ತು ತೋಳ